ಬಾಯಿ ಕಾಣದ ದಿನಗಳು

ಕಿವಿ ಕೇಳದ ಮಕ್ಕಳಿಗೆ, ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಹಳೆಯ ಮನೆಯ ಮುಂಭಾಗದಲ್ಲಿ ನಮ್ಮ ಕೇಂದ್ರವಿದೆ. ಗುರುವಾರ ಬೇಲೂರಿಗೆ ಹೋಗಿ ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂರುತ್ತೇನೆ. ಸ್ಪೀಚ್ ಥೆರಪಿ ಅನ್ನುವ ಹೆಸರು ಅನೇಕರ ಬಾಯಿಗೆ ಬರುವುದಿಲ್ಲ. ಮಾತಿನ ಮೇಡಂ ಅನ್ನುತ್ತಾರೆ. ನನಗೂ ಅದೇ ಇಷ್ಟ.

ಈ ಕೆಲಸಕ್ಕೆ ಹೆಚ್ಚು ಸಾಮಾನು ಬೇಡ. ಒಂದು ಚಾಪೆ, ಗೋಡೆಗೆ ಒಂದು ಕನ್ನಡಿ, ಒಂದು ಬುಟ್ಟಿ ಆಟದ ಸಾಮಾನು, ಅದರ ಜೊತೆಗೆ ನನ್ನ ಮುಖ. ಮಗುವನ್ನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿಕೊಳ್ಳುತ್ತೇನೆ. ಅದರ ಕೈಯನ್ನು ನನ್ನ ಗಂಟಲಿಗೆ ಒತ್ತಿಕೊಂಡು 'ಮ' ಅಂದರೆ ನನ್ನ ದನಿ ಅದರ ಬೆರಳಿಗೆ ನಡುಗುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಪ' ಅಂದರೆ ಉಸಿರು ಬಡಿಯುತ್ತದೆ. ಮಗು ನಗುತ್ತದೆ, ಜೊಲ್ಲು ಸುರಿಸುತ್ತದೆ, ನನ್ನ ತುಟಿ ಹಿಡಿದು ಎಳೆಯುತ್ತದೆ. ಉಸಿರು, ಎಂಜಲು, ಮುಟ್ಟುವುದು ಇವಿಷ್ಟೇ ನನ್ನ ಬಂಡವಾಳ. ಕೊರೊನಾ ಬಂದಾಗ ಜಗತ್ತೆಲ್ಲ ಹೆದರಿದ್ದು ಇವಕ್ಕೇ.

ಆ ವರ್ಷಗಳಲ್ಲಿ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿಯ ವಿಷಯ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯಲು ಕೂತಾಗಲೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು.

ಲಾಕ್‌ಡೌನ್ ಶುರುವಾದಾಗ ಅವಳಿಗೆ ನಾಲ್ಕು ವರ್ಷ. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯ ಬಸದಿಗಳನ್ನು ದಾಟಿ ಸ್ವಲ್ಪ ದೂರ ಹೋದರೆ ಅವರ ತೆಂಗಿನ ತೋಟ, ತೋಟದ ಅಂಚಿಗೇ ಮನೆ. ಅಪ್ಪ ತೋಟ ನೋಡಿಕೊಂಡು ದೇವಸ್ಥಾನದ ಎದುರಿಗೆ ಎಳನೀರು ಮಾರುತ್ತಿದ್ದರು. ಹುಡುಗಿಗೆ ಹುಟ್ಟಿನಿಂದ ಎರಡೂ ಕಿವಿ ಕೇಳುತ್ತಿರಲಿಲ್ಲ. ಪಕ್ಕದಲ್ಲೇ ಕುಕ್ಕರ್ ಕೂಗಿದರೂ ತಿರುಗುತ್ತಿರಲಿಲ್ಲ. ಕಿವಿಯ ಮಿಷನ್ ಹಾಕಿದರೆ ಒಂದಿಷ್ಟು ದನಿ ಒಳಗೆ ಹೋಗುತ್ತಿತ್ತು. ಅದನ್ನು ಹಾಕಿಸಿ ನಾಲ್ಕೇ ತಿಂಗಳಾಗಿತ್ತು. ವಾರಕ್ಕೆ ಎರಡು ಸಲ ಅವಳ ತಾಯಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಜಾವಗಲ್, ಬಾಣಾವರದ ಮೇಲೆ ಬರುವ ಬಸ್ಸು ಹಿಡಿದು ಅರಸೀಕೆರೆಗೆ ಬರುತ್ತಿದ್ದಳು. ತಾಯಿಯ ತವರು ಹಾರನಹಳ್ಳಿ, ನಮ್ಮ ಊರಿಗೆ ಹತ್ತಿರ. ಬಸ್ಸು ತಪ್ಪಿದ ದಿನ ಅಲ್ಲೇ ಉಳಿದುಕೊಳ್ಳುತ್ತಿದ್ದಳು.

ತಾಯಿ ನನಗಿಂತ ಏಳೆಂಟು ವರ್ಷ ಚಿಕ್ಕವಳು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು. ಸಣಕಲು ಮೈ, ಚುರುಕು ಕಣ್ಣು. ಬೇರೆ ತಾಯಂದಿರು ಮಗುವನ್ನು ನನ್ನ ಕೈಗೆ ಕೊಟ್ಟು ಹೊರಗೆ ಕೂತು ಫೋನು ನೋಡುತ್ತಿದ್ದರೆ ಇವಳು ಬಾಗಿಲ ಹತ್ತಿರ ನಿಂತು ನಾನು ಮಾಡುವುದನ್ನೆಲ್ಲ ನೋಡುತ್ತಿದ್ದಳು. ನೋಡಿ ನೋಡಿ ಅವಳ ತುಟಿಯೂ ನನ್ನ ತುಟಿಯ ಜೊತೆ ಅಲ್ಲಾಡುತ್ತಿತ್ತು.

ಬಸ್ಸು ನಿಂತಿತು. ಕೇಂದ್ರಕ್ಕೆ ಬೀಗ ಬಿತ್ತು. ಕೇಂದ್ರ ನಡೆಸುವವರು ಮಕ್ಕಳನ್ನು ಬಿಡಬೇಡಿ, ಫೋನಿನಲ್ಲೇ ಮಾಡಿ ಅಂದರು. ಹೇಗೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪಟ್ಟಿ ಇಟ್ಟುಕೊಂಡು ಮನೆಮನೆಗೆ ಫೋನು ಮಾಡಿದೆ. ಅರ್ಧಕ್ಕರ್ಧ ಜನ ಎತ್ತಲೇ ಇಲ್ಲ. ಎತ್ತಿದವರಲ್ಲಿ ಕೆಲವರು ಊಟದ್ದೇ ಚಿಂತೆ ಇರುವಾಗ ಮಾತಿನ ಚಿಂತೆ ಯಾಕೆ ಮೇಡಂ ಅಂದರು. ಕೆಲವು ಮನೆಗಳಲ್ಲಿ ಇದ್ದ ಒಂದು ಫೋನು ದೊಡ್ಡ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಹೋಗಿತ್ತು. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದನ್ನು ಆಗತಾನೆ ಕಲಿಯುತ್ತಿದ್ದ ಒಂದು ಮಗು ಮನೆಯ ಮೂಲೆಗೆ ಸರಿದುಬಿಟ್ಟಿದೆ ಅಂತ ಅದರ ಅಪ್ಪ ಹೇಳಿದರು. ಆ ಮಗು ನನ್ನ ಹತ್ತಿರ ತಿರುಗಿ ಬರಲೇ ಇಲ್ಲ.

ಬಸ್ತಿಹಳ್ಳಿಯ ಮನೆಯಲ್ಲಿ ಮಾತ್ರ ಫೋನು ಮೊದಲ ರಿಂಗಿಗೇ ಎತ್ತಿದರು. ದೇವಸ್ಥಾನಕ್ಕೆ ಬರುವ ಜನ ನಿಂತುಹೋಗಿ ಅಪ್ಪ ಮನೆಯಲ್ಲೇ ಇದ್ದದ್ದರಿಂದ ಫೋನೂ ಮನೆಯಲ್ಲೇ ಇತ್ತು. ವಿಡಿಯೋಗೆ ಸಾಕಾಗುವಷ್ಟು ಸಿಗ್ನಲ್ ಸಿಗುತ್ತಿದ್ದದ್ದು ತೋಟದ ಮೂಲೆಯ ದಿಬ್ಬದ ಮೇಲೆ. ತಾಯಿ ಮಗಳನ್ನು ಅಲ್ಲಿ ಕೂರಿಸಿ ವಿಡಿಯೋ ಹಾಕಿದಳು. ನಾನು ಬಾಯಿ ಅಗಲಿಸಿ 'ಬಾ' ಅಂದೆ. ನನ್ನ ತುಟಿ ಒಂದು ಹೊತ್ತಿಗೆ, ದನಿ ಇನ್ನೊಂದು ಹೊತ್ತಿಗೆ ಅಲ್ಲಿಗೆ ಹೋಗುತ್ತಿತ್ತು. ಹುಡುಗಿ ಫೋನಿನ ಹಿಂದೆ ಇಣುಕಿ ನೋಡಿದಳು. ನಾನು ಅಲ್ಲಿರಲಿಲ್ಲ. ಫೋನನ್ನು ಬೋರಲು ಮಾಡಿ ನೆಲಕ್ಕಿಟ್ಟು ಎದ್ದು ಹೋದಳು. ನನ್ನ ಪರದೆಯ ಮೇಲೆ ಬರೀ ಕತ್ತಲು.

ಮೂರು ಸಲ ಹಾಗೇ ಆಯಿತು. ಆಮೇಲೆ ನಾನು ಮಗುವಿನ ಆಸೆ ಬಿಟ್ಟು ತಾಯಿಗೆ ಕಲಿಸಲು ಶುರುಮಾಡಿದೆ. ವಿಡಿಯೋ ಬೇಡ ಅಂದೆ. ದಿನಾ ಮಧ್ಯಾಹ್ನ ಮೂರಕ್ಕೆ ಫೋನು. ಇವತ್ತಿನ ಮಾತು ನೀರು. ಮಗಳ ಎದುರಿಗೆ ಕೂತು, ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತು, ಚೊಂಬು ತೋರಿಸಿ ನೀರು ಅನ್ನಿ. ಅಂದು ಕಾಯಿರಿ. ಅವಳು ಬಾಯಿ ತೆರೆಯುವ ತನಕ ಕೊಡಬೇಡಿ. ಮನಸ್ಸಿನಲ್ಲಿ ಹತ್ತು ಎಣಿಸಿ.

ಅವಳಿಗೆ ಕಷ್ಟವಾದದ್ದು ಆ ಕಾಯುವುದು. "ಮಗಾ ಕೈ ಚಾಚ್ಕಂಡ್ ನಿಂತೈತೆ, ಕೊಡ್ದೆ ಇರಕ್ಕಾಯ್ತದಾ ಮೇಡಂ? ಕಟುಕಿ ಆಗೋದ್ನೇನೋ ಅನ್ನಿಸ್ತೈತೆ," ಅಂದಳು. ಹತ್ತು ಆಗದಿದ್ದರೆ ಐದೇ ಎಣಿಸಿ ಅಂದೆ. ಮಾರನೆಯ ದಿನ ಫೋನಿನಲ್ಲಿ ಏಳರ ತನಕ ಎಣಿಸಿದೆ ಅಂದಳು.

ನಾನು ಹೇಳಿದ್ದನ್ನಷ್ಟೇ ಮಾಡಿ ಸುಮ್ಮನಾಗುವವಳಲ್ಲ. ಮನೆಯ ಮುಂದೆ ಗಾರೆ ಕೆಲಸಕ್ಕೆ ತರಿಸಿದ್ದ ಮರಳಿನ ಗುಡ್ಡೆ ಇತ್ತು. ಅದರಲ್ಲಿ ಚಮಚ, ಬಳೆ, ಬಾಚಣಿಗೆ ಹೂತಿಟ್ಟು 'ಎಲ್ಲಿ?' ಅನ್ನುತ್ತಿದ್ದಳು. ಮರಳಿನ ಮೇಲೆ ಅಂಗೈ ಇಟ್ಟು 'ಇಲ್ಲಿ' ಅನ್ನುತ್ತಿದ್ದಳು. ಹುಡುಗಿ ಎರಡೂ ಕೈಯಿಂದ ಬಗೆದು ತೆಗೆಯುತ್ತಿದ್ದಳು. ನಾನು ಹದಿನಾಲ್ಕು ವರ್ಷದ ಕೆಲಸದಲ್ಲಿ ಕಂಡ ಒಳ್ಳೆಯ ಆಟಗಳಲ್ಲಿ ಅದೂ ಒಂದು. ಅದರ ವಿಡಿಯೋಗಳನ್ನು ನನಗೆ ಕಳಿಸುತ್ತಿದ್ದಳು. ಫೋನು ಹಿಡಿದವಳು ಅವಳೇ ಆದ್ದರಿಂದ ವಿಡಿಯೋದಲ್ಲಿ ಅವಳ ಮುಖ ಇರುತ್ತಿರಲಿಲ್ಲ. ಒಂದು ಕೈ, ಹಸಿರು ಗಾಜಿನ ಬಳೆ, ದನಿ.

ಹುಡುಗಿಯ ಮೊದಲ ಮಾತು ಬಂದದ್ದು ಮಳೆ ಹಿಡಿದ ಮೇಲೆ. ಅವತ್ತು ಮೂರು ಗಂಟೆಯ ತನಕ ತಾಯಿ ಕಾಯಲಿಲ್ಲ. ಬೆಳಿಗ್ಗೆಯೇ ಫೋನು ಮಾಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಬ್ಯಾಡ ಅಂದ್ಲು ಮೇಡಂ. ತಲೆಗೆ ಸೀಗೇಕಾಯಿ ಹಚ್ಚಕ್ಕೋದ್ರೆ ಬ್ಯಾಡ ಅಂದ್ಲು."

ಆಮೇಲೆ ಏನು ಮಾಡಿದಿರಿ ಅಂತ ಕೇಳಿದೆ.

"ಬುಟ್ಬುಟ್ಟೆ. ಬ್ಯಾಡ ಅಂದ್ಮ್ಯಾಲೆ ಬ್ಯಾಡ ಅಷ್ಟೆ."

ದೀಪಾವಳಿಯ ಹೊತ್ತಿಗೆ ಎರಡು ಕೈಯ ಬೆರಳಿನಷ್ಟು ಮಾತು ಬಂದಿದ್ದವು. ಬಾ, ಅವ್ವ, ನೀರು, ಇಲ್ಲಿ. ಕೇಳಿದವರಿಗೆಲ್ಲ ತಿಳಿಯುವಷ್ಟು ಸ್ಪಷ್ಟವಲ್ಲ. ಅವಳ ಅವ್ವನಿಗೆ ತಿಳಿಯುತ್ತಿತ್ತು.

ಬಸ್ಸು ಓಡಲು ಶುರುವಾದ ಮೇಲೆ ಬೇಲೂರಿನ ಕೋಣೆಯನ್ನು ಮೊದಲು ತೆರೆದೆವು. ಹಳೇಬೀಡಿನಿಂದ ಬೇಲೂರು ಹತ್ತಿರವಾದ್ದರಿಂದ ತಾಯಿ ಮಗಳು ಗುರುವಾರ ಅಲ್ಲಿಗೇ ಬರುತ್ತೇವೆ ಅಂದರು. ಕೇಂದ್ರದವರು ನಿಯಮ ಮಾಡಿ ಕಳಿಸಿದ್ದರು. ಮಾಸ್ಕ್, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಖಗವಸು, ಮಗುವಿಗೂ ನನಗೂ ನಡುವೆ ಒಂದು ಮೇಜು. ಎಂಟು ತಿಂಗಳ ಮೇಲೆ ನೋಡಿದ ಹುಡುಗಿ ಬಾಗಿಲಲ್ಲೇ ನಿಂತು ಕಿರುಚಿ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದಳು. ನನ್ನ ಕಣ್ಣಿನಿಂದ ಕೆಳಗೆ ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಅವಳು ಬೆಳೆದಿದ್ದಳು, ಕಿವಿಯೂ ಬೆಳೆದಿತ್ತು. ಮಿಷನ್ನಿನ ತುದಿಯಲ್ಲಿ ಕಿವಿಯೊಳಗೆ ಕೂರುವ ಅಚ್ಚು ಅಳತೆಗೆ ಚಿಕ್ಕದಾಗಿ ಸದಾ ಕುಯ್ಯೆಂದು ಕೂಗುತ್ತಿತ್ತು. ಹೊಸ ಅಚ್ಚು ತೆಗೆಯುವವರು ಹಾಸನದಲ್ಲಿ ಇನ್ನೂ ಕೆಲಸ ಶುರುಮಾಡಿರಲಿಲ್ಲ. ಹಾಗಾಗಿ ಅವಳು ಹಿಂದೆಂದಿಗಿಂತ ಹೆಚ್ಚಾಗಿ ಕಣ್ಣಿನಿಂದಲೇ ಮಾತು ಕೇಳುತ್ತಿದ್ದಳು. ಆ ವರ್ಷವೇ ಲೋಕದವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಒಂದು ತುಟಿಯೂ ಅವಳಿಗೆ ಸಿಗುತ್ತಿರಲಿಲ್ಲ.

ನಾನು ಮಾಸ್ಕ್ ತೆಗೆದು ಬರೀ ಮುಖಗವಸು ಹಾಕಿಕೊಂಡು ಮಾಡಿದೆ. ಟ್ಯೂಬ್‌ಲೈಟಿನ ಬೆಳಕು ಪ್ಲಾಸ್ಟಿಕ್ಕಿಗೆ ಹೊಡೆದು ಹೊಳೆಯುತ್ತಿತ್ತು. ಕಿಟಕಿಯ ಕಡೆ ತಿರುಗಿ ಕೂತೆ. ನಾಲ್ಕು ಮಾತಾಡುವಷ್ಟರಲ್ಲಿ ನನ್ನ ಉಸಿರಿಗೇ ಮಂಜು ಕಟ್ಟುತ್ತಿತ್ತು. ಒರೆಸಿ, ಮತ್ತೆ ಒರೆಸಿ, ಹೇಗೋ ಆ ಚಳಿಗಾಲ ದಾಟಿದೆವು.

ಬೇಸಿಗೆ ಶುರುವಾದಾಗ ಎಲ್ಲರೂ ಮುಗಿಯಿತು ಅಂದುಕೊಂಡಿದ್ದರು. ಮದುವೆಗಳು ನಡೆಯುತ್ತಿದ್ದವು. ಎರಡನೇ ಅಲೆ ಬೆಂಗಳೂರಿಗೆ ಬಂದಿದೆ ಅಂತ ಟಿವಿಯವರು ಹೇಳುತ್ತಿದ್ದರೂ ನಮ್ಮ ಕಡೆ ಅದು ದೂರದ ಸುದ್ದಿ.

ಒಂದು ಗುರುವಾರ ಬೆಳಿಗ್ಗೆ ಏಳುವಾಗ ನನ್ನ ಗಂಟಲು ಕೆರೆಯುತ್ತಿತ್ತು. ದಿನವಿಡೀ ಮಾತಾಡುವ ಕೆಲಸ, ಗಂಟಲು ಕೆರೆಯುವುದು ಹೊಸದಲ್ಲ. ಬಿಸಿನೀರು ಕುಡಿದು ಬೇಲೂರಿನ ಬಸ್ಸು ಹತ್ತಿದೆ. ಇದನ್ನು ಬಿಡದೆ ಬರೆಯಬೇಕು. ನನಗೆ ಗೊತ್ತಿತ್ತು, ಗಂಟಲು ಕೆರೆಯುತ್ತಿತ್ತು, ಹೋದೆ.

ಆ ಹೊತ್ತಿಗೆ ಹುಡುಗಿ ಎರಡು ಮಾತು ಜೋಡಿಸುವ ಅಂಚಿಗೆ ಬಂದಿದ್ದಳು. ಮಕ್ಕಳು ಒಂದು ಮಾತಿನಿಂದ ಎರಡು ಮಾತಿಗೆ ದಾಟುವುದು ನಮ್ಮ ಕೆಲಸದಲ್ಲಿ ದೊಡ್ಡ ಸಂಗತಿ. ಅವ್ವ ಅನ್ನುತ್ತಿದ್ದಳು, ಬಾ ಅನ್ನುತ್ತಿದ್ದಳು, ಎರಡನ್ನೂ ಸೇರಿಸುತ್ತಿರಲಿಲ್ಲ. ಅವತ್ತು ವಿಪರೀತ ಸೆಕೆ. ಮುಖಗವಸಿನೊಳಗೆ ಬೆವರು ಇಳಿಯುತ್ತಿತ್ತು. ಹುಡುಗಿ ನನ್ನ ಬಾಯಿ ನೋಡಲು ಹೆಣಗುತ್ತಿದ್ದಳು, ಮೇಜು ಬಳಸಿ ಬಂದು ಪ್ಲಾಸ್ಟಿಕ್ಕನ್ನು ಬೆರಳಿನಿಂದ ಒರೆಸಿದಳು. ನಾನು ಅದನ್ನು ಕಳಚಿ ಪಕ್ಕಕ್ಕಿಟ್ಟೆ. ಬಾಗಿಲು, ಕಿಟಕಿ ತೆರೆದಿವೆಯಲ್ಲ ಅಂದುಕೊಂಡೆ. ಹತ್ತೇ ನಿಮಿಷ ಅಂದುಕೊಂಡೆ. ಅವಳ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದೆ. ತಾಯಿಯೂ ಮಾಸ್ಕ್ ಇಳಿಸಿ ಪಕ್ಕದಲ್ಲಿ ಬಂದು ಕೂತಳು. ಮೂವರ ತಲೆಯೂ ತಾಗುವಷ್ಟು ಹತ್ತಿರವಿತ್ತು.

ಹುಡುಗಿ ಅವ್ವ ಬಾ ಅಂದಳು. ಒಂದು ಗೇಣು ದೂರದಲ್ಲಿ ಕೂತವಳನ್ನು ಕರೆದಳು.

"ಇಲ್ಲೇ ಇವ್ನಿ ಕಣೇ," ಅಂದಳು ತಾಯಿ.

ಶನಿವಾರ ನನಗೆ ಜ್ವರ ಬಂತು. ಸೋಮವಾರ ಪರೀಕ್ಷೆ ಮಾಡಿಸಿದೆ. ಪಾಸಿಟಿವ್ ಅಂತ ಬಂತು. ಕೇಂದ್ರಕ್ಕೆ ತಿಳಿಸಿದೆ. ಅಲ್ಲಿಯ ಆಫೀಸಿನವರು ಗುರುವಾರ ಬಂದಿದ್ದ ಎಲ್ಲರಿಗೂ ಫೋನು ಮಾಡಿ, ಜ್ವರ ಗಿರ ಬಂದರೆ ತೋರಿಸಿಕೊಳ್ಳಿ ಅಂತ ಹೇಳಿದರಂತೆ. ನಾನಾಗಿ ಅವಳಿಗೆ ಫೋನು ಮಾಡಲಿಲ್ಲ. ಜ್ವರ ಇತ್ತು, ಮನೆಯಲ್ಲಿ ನನ್ನ ತಾಯಿಗೂ ಕೆಮ್ಮು ಶುರುವಾಗಿತ್ತು ಅನ್ನುವುದೆಲ್ಲ ನಿಜ. ಫೋನು ಕೈಯಲ್ಲಿತ್ತು ಅನ್ನುವುದೂ ನಿಜ. ಹೆದರಿದ್ದೆ. ಅವಳು ಏನು ಹೇಳಿಬಿಡುತ್ತಾಳೋ ಅಂತ.

ನಾನೂ ನನ್ನ ತಾಯಿಯೂ ಮನೆಯಲ್ಲೇ ಇದ್ದು ಸುಧಾರಿಸಿಕೊಂಡೆವು. ಮೂರು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ ಮೂರಕ್ಕೆ ಸರಿಯಾಗಿ, ಏನೂ ಆಗಿಲ್ಲವೆನ್ನುವ ಹಾಗೆ ಅವಳ ಮನೆಗೆ ಫೋನು ಮಾಡಿದೆ. ಅವಳ ಗಂಡ ಎತ್ತಿದರು. ಅವರಿದ್ದಾರಾ ಅಂತ ಕೇಳಿದೆ.

"ಅವ್ಳಿಲ್ಲ ಮೇಡಂ," ಅಂದರು.

"ಎಲ್ಲಿಗೆ ಹೋಗಿದ್ದಾರೆ?" ಅಂತ ಕೇಳಿದೆ.

ಮಾತು ಕಲಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ 'ಇಲ್ಲ' ಅನ್ನುವುದಕ್ಕೆ ಎಷ್ಟು ಅರ್ಥವಿದೆ ಅಂತ ಆ ಹೊತ್ತಿಗೆ ಹೊಳೆಯಲಿಲ್ಲ. ಆಮೇಲೆ ಅವರೇ ಹೇಳಿದರು. ಬೇಲೂರಿಗೆ ಬಂದು ಹೋದ ಮುಂದಿನ ವಾರ ಜ್ವರ ಬಂತು, ಇಬ್ಬರಿಗೂ ಬಂತು, ಅವರಿಗೆ ಇಳಿಯಿತು, ಅವಳಿಗೆ ಉಸಿರು ಕಟ್ಟಲು ಶುರುವಾಯಿತು. ಆಂಬುಲೆನ್ಸ್ ಮನೆಯ ತನಕ ಬಂತು. ಅವಳೇ ನಡೆದುಕೊಂಡು ಹೋಗಿ ಹತ್ತಿದಳು. ಹಾಸನದಲ್ಲಿ ಒಂಬತ್ತು ದಿನ ಆಕ್ಸಿಜನ್ ಮೇಲಿದ್ದಳು. ಹತ್ತನೇ ದಿನ ಫೋನು ಬಂತು. ಅವರಲ್ಲಿ ಹೂಳುವ ರೂಢಿ. ತೋಟದ ಮೂಲೆಯಲ್ಲೇ ಆಯಿತು. ಮೈಯೆಲ್ಲ ಮುಚ್ಚಿಕೊಂಡ ನಾಲ್ಕು ಜನ ಬಂದು ಮಾಡಿದರು. ಕ್ವಾರಂಟೈನ್ ಅಂತ ಇವರನ್ನು ಮನೆಯೊಳಗೇ ಇರಿಸಿದ್ದರು. ಗುಂಡಿ ತೆಗೆಯುವ ಜೆಸಿಬಿಯ ಸದ್ದು ಕೇಳಿಸುತ್ತಿತ್ತು ಅಂದರು. ಅವರು ನಿಧಾನವಾಗಿ, ಒಂದೊಂದನ್ನೂ ಬಿಡದೆ ಹೇಳಿದರು. ನಾನು ಹೇಳಬೇಕಾದದ್ದನ್ನು ಅವತ್ತೂ ಹೇಳಲಿಲ್ಲ.

ಆಂಬುಲೆನ್ಸ್ ಬಂದ ದಿನವೇ ಮಗುವನ್ನು ಹಾರನಹಳ್ಳಿಗೆ ಅಜ್ಜಿಯ ಮನೆಗೆ ಕಳಿಸಿದ್ದರು. ಅವ್ವ ಬಿಳಿ ಗಾಡಿ ಹತ್ತಿದ್ದನ್ನು ಅವಳು ನೋಡಿದ್ದಳು. ಅದಕ್ಕಿಂತ ಮುಂದಿನದನ್ನು ನೋಡಿರಲಿಲ್ಲ.

ಎರಡನೇ ಲಾಕ್‌ಡೌನ್ ಸಡಿಲಾಗಿ ಟೆಂಪೋ ಓಡಾಡಲು ಶುರುವಾದ ಮೇಲೆ ಹಾರನಹಳ್ಳಿಗೆ ಹೋದೆ. ಹಳೆಯ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮನೆ. ಹುಡುಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಕಿವಿ ಖಾಲಿ. ಮಿಷನ್ ಕುಯ್ಯನ್ನುತ್ತೆ, ಕಿತ್ತು ಬಿಸಾಕುತ್ತಾಳೆ ಅಂತ ಅಜ್ಜಿ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಿದ್ದರು. ನಾನು ಎದುರು ಕೂತು ಮಾಸ್ಕ್ ತೆಗೆದೆ. ನನ್ನನ್ನು ಗುರುತು ಹಿಡಿದಳು, ಆದರೆ ಬಾಯಿ ನೋಡಲಿಲ್ಲ. ಮಾತಿನ ಮೇಲಿನ ಆಸೆಯೇ ಹೋದ ಹಾಗಿತ್ತು. ಹತ್ತು ಮಾತಿನಲ್ಲಿ ಒಂದೂ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಹಾಲಿನ ವ್ಯಾನು ಬಂದು ನಿಂತಿತು. ಬಿಳಿಯ ಬಣ್ಣದ್ದು. ಹುಡುಗಿ ಎದ್ದು ಬರಿಗಾಲಲ್ಲಿ ಓಡಿ ಅದರ ಹಿಂದಿನ ಬಾಗಿಲ ಹತ್ತಿರ ನಿಂತಳು. ಡ್ರೈವರು ಕ್ಯಾನು ಇಳಿಸಿ ಬಾಗಿಲು ಹಾಕಿಕೊಂಡು ಹೋಗುವ ತನಕ ನಿಂತಿದ್ದು ತಿರುಗಿ ಬಂದು ಕಂಬಕ್ಕೆ ಒರಗಿದಳು. ಯಾವ ಬಿಳಿ ಗಾಡಿ ಬಂದರೂ ಹೀಗೇ ಅಂತ ಅಜ್ಜಿ ಹೇಳಿದರು. ಆಕಾಶ ತೋರಿಸಿ ಹೇಳಿ ನೋಡಿದ್ದರಂತೆ. ಹುಡುಗಿ ಮೇಲೆ ನೋಡಿ ಕಾಗೆ ತೋರಿಸಿದಳಂತೆ.

"ನಾವೇಳಿದ್ದು ಅದ್ಕೆ ತಿಳಿಯಾಕಿಲ್ಲ. ನೀನೇ ಹೇಳು ಕಣವ್ವ. ನಿನ್ ಮಾತು ಅದ್ಕೆ ತಿಳೀತದೆ," ಅಂದರು.

ಎರಡು ವಾರ ಕೊಡಿ ಅಂದೆ. ಹಾಸನಕ್ಕೆ ಕರೆದುಕೊಂಡು ಹೋಗಿ ಹೊಸ ಅಚ್ಚು ಮಾಡಿಸಿದೆ. ಪುಸ್ತಕ ಓದಿದೆ, ಓದಿದವರನ್ನು ಕೇಳಿದೆ. ಮಲಗಿದ್ದಾಳೆ ಅನ್ನಬೇಡಿ, ಊರಿಗೆ ಹೋಗಿದ್ದಾಳೆ ಅನ್ನಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂದರು ಎಲ್ಲರೂ. ಅವರು ಹೇಳುತ್ತಿದ್ದದ್ದು ಮಾತು ಬಂದ ಮಕ್ಕಳ ವಿಷಯ. ಸತ್ತಳು ಅನ್ನುವ ಮಾತು ನನ್ನ ಹುಡುಗಿಗೆ ಕೇಳಿಸಿದರೂ ಬರೀ ಸದ್ದು. ಅವಳಿಗೆ ಗೊತ್ತಿದ್ದ ಮಾತುಗಳಲ್ಲೇ ಹೇಳಬೇಕಿತ್ತು. ಅವಳಿಗೆ ಗೊತ್ತಿದ್ದದ್ದು ಅವ್ವ, ಬಾ, ನೀರು, ಇಲ್ಲಿ. ಕೊನೆಗೆ ಜಾಗ ತೋರಿಸುವುದು ಸರಿ ಅಂದುಕೊಂಡೆ.

ಒಂದು ಬೆಳಿಗ್ಗೆ ಅಪ್ಪ, ಅಜ್ಜಿ, ನಾನು, ಹುಡುಗಿ ನಾಲ್ವರೂ ತೋಟದ ಮೂಲೆಗೆ ಹೋದೆವು. ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಸುತ್ತ ಕಲ್ಲು ಜೋಡಿಸಿ, ತಲೆಯ ಕಡೆ ಒಂದು ಬಿಲ್ವದ ಗಿಡ ನೆಟ್ಟಿದ್ದರು. ನಾನು ಕುಕ್ಕರಗಾಲಲ್ಲಿ ಕೂತು ಹುಡುಗಿಯ ಮುಖ ನನ್ನ ಕಡೆ ತಿರುಗಿಸಿಕೊಂಡೆ. ಫೋಟೋ ತೋರಿಸಿದೆ. ಅವ್ವ ಅಂದೆ. ಅವಳು ಫೋಟೋ ಮುಟ್ಟಿದಳು. ತುಟಿ ಅಲ್ಲಾಡಿತು. ನಾನು ಮಣ್ಣಿನ ಮೇಲೆ ಅಂಗೈ ಇಟ್ಟೆ.

"ಅವ್ವ ಇಲ್ಲಿ," ಅಂದೆ.

ಅವಳು ನನ್ನ ಕೈ ನೋಡಿದಳು, ನನ್ನ ಬಾಯಿ ನೋಡಿದಳು. ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಒಂದು ಮಾತು ಪೂರ್ತಿ ತಿಳಿದಿತ್ತು. ಮೊಣಕಾಲೂರಿ ಕೂತು ಎರಡೂ ಕೈಯಿಂದ ಮಣ್ಣು ಬಗೆಯಲು ಶುರುಮಾಡಿದಳು.

ಅವಳಿಗೆ ಆ ಮಾತು ಹೇಗೆ ಬಂದಿತ್ತು ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮರಳಿನ ಗುಡ್ಡೆಯ ವಿಡಿಯೋಗಳು ನನ್ನ ಫೋನಿನಲ್ಲೇ ಇದ್ದವು. ಎರಡು ವಾರ ಯೋಚಿಸಿದವಳಿಗೆ ಅದೊಂದು ನೆನಪಾಗಿರಲಿಲ್ಲ. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ತಿರುಗಿ ನಿಂತರು. ಹುಡುಗಿ ಬೇಗ ಬೇಗ ಬಗೆಯುತ್ತ ನಡುವೆ ತಲೆಯೆತ್ತಿ ನಮ್ಮನ್ನು ನೋಡಿ ನಗುತ್ತಿದ್ದಳು.

ಅಪ್ಪ ಅವಳನ್ನು ಹಿಂದಿನಿಂದ ತಬ್ಬಿ ಎತ್ತಿದರು. ಒದ್ದಳು, ಕಚ್ಚಿದಳು. ಅವರು ಬಿಡದೆ ನೆಲಕ್ಕೆ ಕೂತು ಅವಳನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಅತ್ತರು. ಅಲ್ಲಿಯ ತನಕ ಮಗಳ ಎದುರು ಅವರು ಅತ್ತಿರಲಿಲ್ಲವಂತೆ. ಹುಡುಗಿ ಒದೆಯುವುದು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು. ಆಮೇಲೆ ಮಣ್ಣಾದ ಕೈಯನ್ನು ಅವರ ಗಂಟಲಿಗೆ ಇಟ್ಟು, ಒಳಗೆ ಏನಾಗುತ್ತಿದೆ ಅಂತ ಬೆರಳಿನಿಂದ ಕೇಳಿಸಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು.

ಆ ದಿನದಿಂದ ಬಿಳಿ ಗಾಡಿ ಬಂದರೆ ಓಡುವುದು ನಿಂತಿತು ಅಂತ ಅಜ್ಜಿ ಹೇಳಿದರು. ತಿಳಿದು ನಿಲ್ಲಿಸಿದಳೋ, ಕಾದು ಸಾಕಾಗಿ ನಿಲ್ಲಿಸಿದಳೋ ನನಗೆ ಗೊತ್ತಿಲ್ಲ. ಜನ ನನ್ನನ್ನು ಕೇಳಿದರೆ ತಿಳಿಯಿತು ಅನ್ನುತ್ತೇನೆ.

ಅಜ್ಜಿ ಮೊಮ್ಮಗಳ ಕೈ ತೊಳೆಸಲು ಬೋರ್‌ವೆಲ್ಲಿನ ಕಡೆ ಕರೆದುಕೊಂಡು ಹೋದರು. ಅಪ್ಪ ಕೆದರಿದ ಮಣ್ಣನ್ನು ಕೈಯಿಂದಲೇ ಎಳೆದು ಸರಿಮಾಡುತ್ತಿದ್ದರು. ನಾನೂ ಕೂತು ಎಳೆದೆ. ಆಗ ಹೇಳಿದೆ. ಗುರುವಾರ ಬೆಳಿಗ್ಗೆಯೇ ಗಂಟಲು ಕೆರೆಯುತ್ತಿತ್ತು, ಆದರೂ ಬಂದೆ, ಮುಖಗವಸು ಕಳಚಿದೆ, ಅವಳು ಪಕ್ಕದಲ್ಲೇ ಇದ್ದಳು, ಸೋಮವಾರ ನನಗೆ ಪಾಸಿಟಿವ್ ಬಂತು, ನಾನಾಗಿ ಫೋನು ಮಾಡಲಿಲ್ಲ.

ಅವರ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ.

"ಆ ವಾರ ನಾನೂ ಜಾವಗಲ್ಲಿಗೆ ಗೃಹಪ್ರವೇಶಕ್ಕೋಗಿದ್ದೆ. ಮಾಸ್ಕು ಜೇಬಲ್ಲಿತ್ತು," ಅಂದರು. "ನಾನೇ ಮನೆಗೆ ಕಾಯ್ಲೆ ತಂದ್ನೇನೋ ಅಂತ ಎಣಿಸ್ಕಂಡಿದ್ದೆ. ಇಷ್ಟು ದಿನ ಅದ್ನೇ ಎಣಿಸ್ಕಂಡಿದ್ದೆ."

ಯಾರಿಂದ ಅನ್ನುವುದು ಗೊತ್ತಾಗುವುದಿಲ್ಲ ಅಂತ ನಾನು ಅಂದೆ. ಅದು ನಿಜವೂ ಹೌದು, ನನಗೆ ಅನುಕೂಲವಾದದ್ದೂ ಹೌದು.

"ಗೊತ್ತಾದ್ರೂ ಅವ್ಳು ಬರಾಕಿಲ್ಲ," ಅಂದರು. ಮತ್ತೆ ಮಣ್ಣು ಎಳೆಯಲು ಶುರುಮಾಡಿ, "ನೀವು ಆವತ್ತೇ ಒಂದ್ ಮಾತು ಫೋನ್ ಮಾಡ್ಬೇಕಿತ್ತು ಮೇಡಂ," ಅಂದರು.

ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಬಂದವರಿಗೆಲ್ಲ ಕೊಡುವ ಹಾಗೆ ಒಂದು ಎಳನೀರು ಕೆತ್ತಿ ಕೊಟ್ಟರು. ಮಗಳನ್ನು ಬಿಡಬೇಡಿ ಅಂದರು. ಕೆಲವು ದಿನ ಕಳೆದು ಫೋನು ಮಾಡಿ, ಅವಳು ಕಳಿಸಿದ ವಿಡಿಯೋಗಳು ನಿಮ್ಮ ಹತ್ತಿರ ಇದ್ದರೆ ಕೊಡಿ, ಅವಳ ದನಿ ನನ್ನ ಹತ್ತಿರ ಬೇರೆ ಎಲ್ಲೂ ಇಲ್ಲ ಅಂದರು. ಎಲ್ಲವನ್ನೂ ಕಳಿಸಿದೆ.

ಹುಡುಗಿ ಅಜ್ಜಿಯ ಮನೆಯಲ್ಲೇ ಉಳಿದಳು. ಅಜ್ಜಿ ಅವಳನ್ನು ವಾರಕ್ಕೆ ಎರಡು ಸಲ ಕೇಂದ್ರಕ್ಕೆ ಕರೆತರಲು ಶುರುಮಾಡಿದರು. ಅಜ್ಜಿಗೆ ಮುಂದಿನ ಹಲ್ಲಿಲ್ಲ, ಬಾಯಿಯಲ್ಲಿ ಸದಾ ಎಲೆ ಅಡಿಕೆ. ಆ ಬಾಯಿಯಿಂದ ಯಾವ ಅಕ್ಷರವನ್ನೂ ಹುಡುಗಿ ಓದಲಾರಳು. ಹೇಳಿದೆ. ಬೇಸರ ಮಾಡಿಕೊಂಡರು. ಎರಡು ತಿಂಗಳ ಮೇಲೆ, ಮಾತಾಡುವ ಮುಂಚೆ ಹೊರಗೆ ಹೋಗಿ ಉಗಿದು ಬಾಯಿ ಮುಕ್ಕಳಿಸಿ ಬಂದು ಮೊಮ್ಮಗಳ ಎದುರು ಕೂರುವುದು ರೂಢಿಯಾಯಿತು. ಹೋದ ಹತ್ತು ಮಾತುಗಳಲ್ಲಿ ನಾಲ್ಕು ತಿರುಗಿ ಬಂದವು. ಉಳಿದವನ್ನು ಮೊದಲಿನಿಂದ ಕಲಿಸಬೇಕಾಯಿತು. ಕಿವಿಯ ಒಳಗೆ ಆಪರೇಷನ್ ಮಾಡಿ ಯಂತ್ರ ಕೂರಿಸುವ ವಿಚಾರ ಲಾಕ್‌ಡೌನಿಗೆ ಮುಂಚೆ ಮಾತಿನಲ್ಲಿತ್ತು. ಆಸ್ಪತ್ರೆಗಳು ಬೇರೆ ಕೆಲಸಕ್ಕೆ ತೆರೆದುಕೊಳ್ಳುವಷ್ಟರಲ್ಲಿ ಅರ್ಜಿ ಹಾಕುವ ವಯಸ್ಸು ದಾಟಿತ್ತು.

ತಾಯಂದಿರಿಗೆ ಫೋನಿನಲ್ಲಿ ಕಲಿಸುವುದು ಈಗ ನಮ್ಮ ಕೇಂದ್ರದಲ್ಲಿ ಖಾಯಂ ಆಗಿದೆ. ದೂರದ ಊರಿನವರಿಗೆ ಅದರಿಂದ ಅನುಕೂಲವಾಗಿದೆ. ಸಭೆಗಳಲ್ಲಿ ಅದು ಕೊರೊನಾ ಕಾಲದ ಒಳ್ಳೆಯ ಫಲ ಅಂತ ಹೇಳುತ್ತಾರೆ, ಶುರುಮಾಡಿದವರು ಇವರು ಅಂತ ನನ್ನನ್ನು ತೋರಿಸುತ್ತಾರೆ. ಶುರುಮಾಡಿದವಳು ಬೇರೆ ಅಂತ ಒಂದು ಸಲ ಹೇಳಲು ಹೋಗಿ ಅಳು ಬಂದು ಕೂತುಬಿಟ್ಟೆ. ಆಮೇಲೆ ಸುಮ್ಮನಿರುತ್ತೇನೆ.

ಹುಡುಗಿಗೆ ಈಗ ಒಂಬತ್ತು ದಾಟಿದೆ. ಊರಿನ ಶಾಲೆಗೆ ಹೋಗುತ್ತಾಳೆ. ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡಿದಾಗ ಅವಳ ಪಾಠ ಅಲ್ಲಿಗೆ ನಿಲ್ಲುತ್ತದೆ. ಎರಡು ಮೂರು ಮಾತು ಜೋಡಿಸುತ್ತಾಳೆ, ಉಳಿದದ್ದಕ್ಕೆ ಕೈ. ಹೊರಗಿನವರಿಗೆ ಅವಳ ಮಾತು ತಿಳಿಯುವುದಿಲ್ಲ, ಎರಡನೇ ಸಲ ಕೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಹೋದ ತಿಂಗಳು ಬಂದಾಗ ಶಾಲೆಯಲ್ಲಿ ಯಾರೊಂದಿಗೋ ಜಗಳವಾಡಿಕೊಂಡು ಬಂದಿದ್ದಳು. ಮೊಣಕೈ ತರಚಿತ್ತು. ನಾನು ಕೇಳುವ ಮುಂಚೆಯೇ ಶುರುಮಾಡಿ ಅರ್ಧ ಗಂಟೆ ಅದನ್ನೇ ಹೇಳಿದಳು. ಕಣ್ಣು ಕೆಂಪು ಮಾಡಿಕೊಂಡು, ಎದ್ದು ನಿಂತು, ತಳ್ಳಿದ್ದನ್ನು ತೋರಿಸಿ, ಬಾಯಿಂದಲೂ ಕೈಯಿಂದಲೂ ಹೇಳಿದಳು. ಅದರಲ್ಲಿ ಅರ್ಧ ನನಗೆ ತಿಳಿಯಿತು. ಇನ್ನು ಸ್ವಲ್ಪ ಅಜ್ಜಿ ಬಿಡಿಸಿ ಹೇಳಿದರು. ಉಳಿದದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಅವಳ ಅವ್ವ ಇದ್ದಿದ್ದರೆ ತಿಳಿಯುತ್ತಿತ್ತು.